ಏಳನೆಯ ಅಧ್ಯಾಯದ ಸಾವು

ಕಾದಂಬರಿ ಇನ್ನೂ ಎಂಟನೆಯ ಅಧ್ಯಾಯದಲ್ಲಿದೆ. ಆದರೂ ಕೃತಜ್ಞತೆಯ ಪುಟವನ್ನು ಈಗಲೇ ಬರೆದಿಡು ಎಂದು ಮಾವ ಹೇಳಿದ್ದಾರೆ. ನೆನೆಯಬೇಕಾದವರಿಗೆಲ್ಲ ವಯಸ್ಸಾಗಿದೆ, ಪುಸ್ತಕ ಅಚ್ಚಾಗುವವರೆಗೆ ಅವರು ಕಾಯುತ್ತಾರೆಂಬ ಭರವಸೆ ಇಲ್ಲ ಎಂಬುದು ಅವರ ಆತಂಕ. ಒಂದು ಪುಟ ಸಾಕು ಎಂದಿದ್ದರು. ಒಂದು ಪುಟದಲ್ಲಿ ಹಿಡಿಸಲಿಲ್ಲ.

ಮೊದಲ ಕೃತಜ್ಞತೆ ಹಡಗಿನ ಕಚೇರಿಗೆ. ನಮ್ಮ ಮಾವ ಪೆಲೆನಾಟೊ, ನಮ್ಮ ಸವಾಯಿ ದ್ವೀಪದಿಂದ ರಾಜಧಾನಿ ಅಪಿಯಾ ಕಡೆಗೆ ಹೋಗುವ ಹಡಗಿಗೆ ಮೂವತ್ತೊಂದು ವರ್ಷ ಟಿಕೆಟ್ ಹರಿದುಕೊಟ್ಟವರು. ಬೀಳ್ಕೊಡುಗೆಯ ದಿನ ಮ್ಯಾನೇಜರು, “ಪೆಲೆನಾಟೊ ಅವರು ನಡೆದಾಡುವ ಇತಿಹಾಸ” ಎಂದು ಭಾಷಣ ಮಾಡಿದರು. ಆ ಮ್ಯಾನೇಜರು ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಅದೇ ಸಂಜೆ ನಿವೃತ್ತರಾದ ಇನ್ನಿಬ್ಬರ ಬಗ್ಗೆಯೂ ಅವರು ಅದೇ ಮಾತು ಹೇಳಿದರು. ಅವರಲ್ಲೊಬ್ಬಾಕೆ ಕಸ ಗುಡಿಸುವವರು. ಮಾವನ ಕಿವಿಗೆ ತಮ್ಮ ಪಾಲಿನದು ಮಾತ್ರ ಬಿತ್ತು. ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಟೈಪ್‌ರೈಟರೊಂದನ್ನು ಉಡುಗೊರೆಯಾಗಿ ಕೊಟ್ಟರು. ಮಾವ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವೈಮೋಲಿಗೆ ಬಂದರು. ವೈಮೋಲಿ ನಮ್ಮ ಊರು. ಇಳಿಯುವಷ್ಟರಲ್ಲಿ, ತಾವು ಊರಿನ ಇತಿಹಾಸ ಬರೆಯುವುದಾಗಿ ಬಸ್ಸಿನವರಿಗೆಲ್ಲ ಹೇಳಿಯಾಗಿತ್ತು. ಆಮೇಲೆ ಎರಡು ವರ್ಷ ಅದು ಬಟ್ಟೆ ಹೊದ್ದು ಮೂಲೆಯಲ್ಲಿತ್ತು.

ಹೋದ ವರ್ಷ ಎನೋಕ ತೀರಿಕೊಂಡ. ಮಾವನ ಮಗ, ನನ್ನ ಗಂಡ. ಒಂಬತ್ತು ದಿನದ ಜ್ವರ. ನಾನು ತವರಿಗೆ ಹೋಗಲಿಲ್ಲ, ಹೋಗು ಎಂದು ಯಾರೂ ಹೇಳಲಿಲ್ಲ. ಎರಡು ತಿಂಗಳು ನಾನು ಹೆಚ್ಚು ಮಾತಾಡಲಿಲ್ಲವಂತೆ. ಒಂದು ಬೆಳಿಗ್ಗೆ ಮಾವ ಟೈಪ್‌ರೈಟರನ್ನು ತಂದು ನನ್ನ ಮುಂದಿಟ್ಟರು.

“ನನ್ನ ಬೆರಳು ದಪ್ಪ,” ಎಂದರು. “ಒಂದು ಒತ್ತಿದ್ರೆ ಮೂರು ಬೀಳುತ್ತೆ. ನೀನು ಸುವಾ ಯೂನಿವರ್ಸಿಟಿಯಲ್ಲಿ ಓದಿದೋಳು. ನಾನು ಹೇಳ್ತಾ ಹೋಗ್ತೀನಿ, ನೀನು ಟೈಪ್ ಮಾಡು.”

“ಏನನ್ನ ಮಾವ?”

“ಐತಿಹಾಸಿಕ ಕಾದಂಬರಿ.”

ಹೀಗೆ ಶುರುವಾಯಿತು.

ನಮ್ಮ ಮನೆಗೆ ಗೋಡೆ ಇಲ್ಲ. ಊರಿನ ಮುಕ್ಕಾಲು ಮನೆಗಳಿಗೂ ಇಲ್ಲ. ಸುತ್ತ ಕಂಬ, ಮೇಲೆ ಮಾಡು, ಮಳೆ ಬಂದರೆ ಇಳಿಬಿಡಲು ತೆಂಗಿನ ಗರಿಯ ತಡಿಕೆ, ಅಷ್ಟೇ. ಊಟ, ಜಗಳ, ಸ್ನಾನಕ್ಕೆ ಹೊರಡುವುದು, ಎಲ್ಲ ಊರಿಗೆ ಕಾಣುತ್ತದೆ. ಇಂಥ ಮನೆಯಲ್ಲಿ ಕಾದಂಬರಿಯನ್ನು ಗಟ್ಟಿಯಾಗಿ ಹೇಳಿ ಬರೆಸಿದರೆ ಅದಕ್ಕೆ ಬೇರೆ ಪ್ರಕಾಶಕರು ಬೇಕಿಲ್ಲ. ಎರಡನೆಯ ದಿನವೇ ಪಕ್ಕದ ಮನೆಯ ಸಲೋಮೆ ತನ್ನ ಚಾಪೆ ಹೆಣೆಯುವ ಹೆಂಗಸರ ತಂಡವನ್ನು ನಮ್ಮ ಅಂಗಳದ ಮರದ ನೆರಳಿಗೆ ಸಾಗಿಸಿದಳು. ನೆರಳು ಇಲ್ಲಿ ದಟ್ಟ ಎಂಬುದು ಅವಳು ಕೊಟ್ಟ ಕಾರಣ. ಆ ಮರದಲ್ಲಿ ಆಗ ಎಲೆಯೇ ಇರಲಿಲ್ಲ.

ಎರಡನೆಯ ಕೃತಜ್ಞತೆ ಊರ ಮುಖ್ಯಸ್ಥ ಸಾಕಾರಿಯಾ ಅವರಿಗೆ. ಮೊದಲ ಅಧ್ಯಾಯದಲ್ಲಿ ಪೂರ್ವಜರ ದೋಣಿ ದಡ ಮುಟ್ಟುವ ಮೊದಲೇ ಅವರು ನಮ್ಮ ಮನೆ ಮುಟ್ಟಿದರು.

“ದೋಣಿಯಲ್ಲಿ ಬಂದೋರು ಯಾರು, ಪೆಲೆನಾಟೊ?”

“ನಮ್ಮ ಪೂರ್ವಜರು.”

“ಯಾರ ಪೂರ್ವಜರು?”

ಒಬ್ಬರ ವಂಶದ ಹೆಸರನ್ನು ಇನ್ನೊಬ್ಬರ ಬಾಯಿ ಎತ್ತುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅದಕ್ಕಾಗಿ ಮನೆಯ ಮೇಲೆ ಕಲ್ಲು ಬಿದ್ದದ್ದುಂಟು. “ಹಾಗಾದ್ರೆ ಎಲ್ಲ ಹೆಸರೂ ನಾನೇ ಕಟ್ತೀನಿ,” ಎಂದರು ಮಾವ. ಸಾಕಾರಿಯಾ ತೃಪ್ತರಾಗಿ ಹೋದರು. ಮರುದಿನ ಬೆಳಿಗ್ಗೆ ಮತ್ತೆ ಬಂದರು.

“ಎಲ್ಲ ಕಟ್ಟಿದ ಹೆಸರಾದ್ರೆ ಆಗ ನಮ್ಮೋರು ಎಲ್ಲಿದ್ರು?”

“ದಡದ ಮೇಲೆ ಇನ್ನೂ ಕೆಲವರು ನಿಂತಿದ್ದರು ಅಂತ ಸೇರಿಸ್ತೀನಿ ಬಿಡಿ.”

“ಮುಂದುಗಡೆನೋ, ಹಿಂದುಗಡೆನೋ?”

“ಮುಂದುಗಡೆ.”

ಆ ಮಧ್ಯಾಹ್ನವೇ ಉಳಿದ ಮನೆಯವರೂ ಬಂದರು. ಯಾರ ಪೂರ್ವಜರೂ ಹಿಂದೆ ನಿಲ್ಲುವವರಲ್ಲ. ಎರಡನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ದಡದ ಮುಂಭಾಗದಲ್ಲಿ ಎಷ್ಟು ಜನ ನಿಂತಿದ್ದರೆಂದರೆ, ದೋಣಿ ಇಳಿದವರಿಗೆ ಕಾಲಿಡಲು ಜಾಗವಿರಲಿಲ್ಲ. ಮಾವ ಅವರನ್ನು ಒಂದು ಪುಟದುದ್ದಕ್ಕೂ ನೀರಿನಲ್ಲೇ ನಿಲ್ಲಿಸಬೇಕಾಯಿತು.

ಮೂರನೆಯ ಅಧ್ಯಾಯದಿಂದ ಆರನೆಯದರವರೆಗೆ ಎಲ್ಲರೂ ಕೆಸುವಿನ ಗೆಡ್ಡೆ ನೆಟ್ಟರು. ಹವೆ ಚೆನ್ನಾಗಿತ್ತು. ಯಾರ ಮನಸ್ಸಿಗೂ ನೋವಾಗುವಂಥದ್ದು ನಡೆಯದಂತೆ ಮಾವ ಬಹಳ ಎಚ್ಚರ ವಹಿಸಿದರು. ಕೊನೆಗೆ ಸಲೋಮೆಗೆ ತಡೆಯಲಾಗಲಿಲ್ಲ.

“ಮೂರು ವಾರದಿಂದ ಗೆಡ್ಡೆನೇ ನೆಡ್ತಿದಾರಲ್ಲ, ಪೆಲೆನಾಟೊ ಅಣ್ಣ. ಇವರಿಗೆ ಬೇರೆ ಕೆಲಸ ಇರಲಿಲ್ವ? ನಮ್ಮ ಮನೆಯಲ್ಲೂ ನೆಡ್ತಾರೆ, ಅದನ್ನ ನಾನು ಬಿಟ್ಟಿ ನೋಡ್ತೀನಿ.”

ಮಾವ ನನ್ನ ಮುಖ ನೋಡಿದರು. ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ. ಸುವಾದಲ್ಲಿ ಮೂರು ವರ್ಷ ಸಾಹಿತ್ಯ ಓದಿದ್ದೆ.

“ಕಾದಂಬರಿಗೆ ಒಂದು ಸಂಘರ್ಷ ಬೇಕು ಮಾವ,” ಎಂದೆ. “ಇಲ್ಲದಿದ್ರೆ ಓದೋರು ನಿಲ್ಲಲ್ಲ.”

ಎಷ್ಟೋ ದಿನದ ಮೇಲೆ ನಾನು ಎರಡು ವಾಕ್ಯ ಒಟ್ಟಿಗೆ ಆಡಿದ್ದು ಅದೇ ಮೊದಲಂತೆ. ಫಿಲೆಮು ಅತ್ತೆ ಆ ದಿನ ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದರು.

“ಸಂಘರ್ಷ ಅಂದ್ರೆ?” ಎಂದು ಮಾವ ಊಟದ ನಡುವೆ ಕೇಳಿದರು.

“ಜಗಳ. ಸಾವು. ಅಂಥದ್ದು.”

ಮಾವ ಊಟ ಬಿಟ್ಟು ಎದ್ದು ಸಮುದ್ರದ ಕಡೆ ಹೋದರು. ಮೂರು ದಿನ ಏನೂ ಬರೆಸಲಿಲ್ಲ.

ನಾಲ್ಕನೆಯ ದಿನ ಏಳನೆಯ ಅಧ್ಯಾಯ ಶುರುವಾಯಿತು. ದೋಣಿಯ ಯಜಮಾನನ ಮಗ ತುಯಿಲಾ ಎಂಬ ಹುಡುಗ ನೀರು ತರಲು ಒರತೆಗೆ ಹೋದ. ಯಾರೋ ಅವನ ತಲೆಗೆ ಹೊಡೆದರು.

“ಯಾರು ಹೊಡೆದದ್ದು?” ಎಂದೆ.

ಮಾವ ಅಂಗಳದತ್ತ ನೋಡಿದರು. ಹತ್ತು ಹೆಂಗಸರ ಕೈಗಳು ಹೆಣಿಗೆಯ ಮೇಲೆ ನಿಂತಿದ್ದವು. “ನಮ್ಮೂರೋರಲ್ಲ,” ಎಂದರು ಅವಸರವಾಗಿ. “ಫಾಗಾಸೆಗಾದವನು ಅಂತ ಹಾಕು.”

ಫಾಗಾಸೆಗಾ ಕೊಲ್ಲಿಯ ಆಚೆಯ ಊರು. ಒಂಬತ್ತು ವರ್ಷದ ಹಿಂದೆ ನಡೆದ ಕ್ರಿಕೆಟ್ ಪಂದ್ಯವೊಂದು ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ನಾವು ಅವರೊಡನೆ ಮಾತಾಡುವುದಿಲ್ಲ.

“ಬರೀ ಫಾಗಾಸೆಗಾದವನು ಅಂದ್ರೆ ನಂಬಿಕೆ ಬರಲ್ಲ ಮಾವ. ಒಂದು ವಿವರ ಬೇಕು.”

“ಏನು ವಿವರ?”

“ಯಾವುದಾದ್ರೂ. ಕುಂಟ, ಎಡಚ…”

“ಎಡಚ ಅಂತ ಹಾಕು.”

ಹಾಕಿದೆ. ಆಮೇಲೆ ತುಯಿಲಾನ ತಾಯಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಒಂದು ಪ್ಯಾರಾ ಆದೀತೆಂದು ನಾನು ಭಾವಿಸಿದ್ದೆ. ನಾಲ್ಕು ಪುಟವಾಯಿತು. ಮಾವ ನನಗೆ ಬೆನ್ನು ಮಾಡಿ ಕೂತು ಒಂದೂವರೆ ದಿನ ಅದೊಂದನ್ನೇ ಹೇಳಿದರು. ಒಂದು ಪದವನ್ನೂ ತಿದ್ದಲಿಲ್ಲ. ಮರದ ಕೆಳಗೆ ಯಾರೂ ಹೆಣೆಯಲಿಲ್ಲ. ಸಾಕಾರಿಯಾ ಮನೆಯಲ್ಲಿ ಒಲೆಯ ಮೇಲಿದ್ದದ್ದು ಸೀದುಹೋಯಿತು. ಅತ್ತೆ ಒಂದೇ ಪಾತ್ರೆಯನ್ನು ಬಹಳ ಹೊತ್ತು ತೊಳೆದರು. ನಾನು ಟೈಪ್ ಮಾಡಿದೆ.

ಮರುದಿನ ಸುದ್ದಿ ಬಸ್ಸು ಹತ್ತಿತು. ಫಾಗಾಸೆಗಾದಲ್ಲಿ ಇಳಿಯುವಾಗ ಅದು ಕಾದಂಬರಿಯಾಗಿ ಉಳಿದಿರಲಿಲ್ಲ. ‘ಪೆಲೆನಾಟೊ ತಮ್ಮ ವಂಶದ ಹುಡುಗನೊಬ್ಬನ ಹಳೆಯ ಕೊಲೆಯನ್ನು ಪತ್ತೆ ಮಾಡಿದ್ದಾರೆ, ಸೊಸೆ ಅದನ್ನು ಸುವಾದಿಂದ ತಂದ ಓದಿನಿಂದ ಖಾತ್ರಿ ಮಾಡಿದ್ದಾಳೆ, ಹೊಡೆದವನು ಫಾಗಾಸೆಗಾದ ಎಡಚ’ ಎಂದಾಗಿತ್ತು. ಒಂದು ಸಂಗತಿಯನ್ನು ನಾವಿಬ್ಬರೂ ಮರೆತಿದ್ದೆವು. ಫಾಗಾಸೆಗಾದಲ್ಲಿ ಎಡಚರಿರುವುದು ಒಂದೇ ಮನೆತನದಲ್ಲಿ. ಆಸೋಲೆವಾ ಎಂಬ ಹಿರಿಯರ ಮನೆತನ. ತಾತ ಎಡಚ, ಮಕ್ಕಳು ಎಡಚರು, ಮೊಮ್ಮಕ್ಕಳು ಎಡಚರು. ಆ ಕ್ರಿಕೆಟ್ ಪಂದ್ಯ ತೀರ್ಮಾನವಾಗದೆ ಉಳಿದದ್ದೂ ಆ ಎಡಗೈಗಳಿಂದಲೇ.

ಮೂರನೆಯ ದಿನ ಬೆಳಗಿನ ಜಾವ ಅತ್ತೆ ಅಂಗಳ ಗುಡಿಸಲು ಹೋದವರು ಕಂಬದ ಬಳಿ ಬಂದು ನಿಂತರು.

“ರೀ, ಯಾರೋ ನಮ್ಮ ಅಂಗಳದಲ್ಲಿ ಚಾಪೆ ಒಣಗಕ್ಕೆ ಹಾಕಿದಾರೆ.”

“ತೆಗೆದು ಪಕ್ಕಕ್ಕಿಡು,” ಎಂದರು ಮಾವ ಹಲ್ಲುಜ್ಜುತ್ತ.

“ಇಡಕ್ಕಾಗಲ್ಲ. ಅದು ಕೆಮ್ಮುತ್ತಿದೆ.”

ನಾವು ಮೂವರೂ ಹೋಗಿ ನೋಡಿದೆವು. ಅಂಗಳದ ನಡುವೆ ಒಂದು ನವಿರು ಚಾಪೆ, ಕೇದಗೆ ಗರಿಯನ್ನು ರೇಷ್ಮೆಯಷ್ಟು ತೆಳುವಾಗಿ ಸೀಳಿ ವರ್ಷಗಟ್ಟಲೆ ಹೆಣೆದದ್ದು, ಅಜ್ಜಿಯಿಂದ ಮೊಮ್ಮಗಳಿಗೆ ಹೋಗುವಂಥದ್ದು. ಅದರ ಕೆಳಗೆ ಮಂಡಿಯೂರಿ ಕೂತ ಒಬ್ಬ ಮನುಷ್ಯ. ಹಿಂದೆ ತಲೆ ತಗ್ಗಿಸಿ ಕೂತ ಹನ್ನೊಂದು ಗಂಡಸರು. ಅವರ ಮುಂದೆ ಸೌದೆಯ ಕಟ್ಟು, ಕಲ್ಲುಗಳು, ಬಾಳೆ ಎಲೆ.

ಮಾವನ ಬಾಯಿಂದ ಬ್ರಷ್ ಬಿತ್ತು. ಅದು ಇಫೋಗಾ. ಕೊಲೆಯಂಥ ದೊಡ್ಡ ತಪ್ಪಾದಾಗ ತಪ್ಪು ಮಾಡಿದವರ ಹಿರಿಯ, ನೊಂದವರ ಮನೆಯ ಮುಂದೆ ಹೀಗೆ ಚಾಪೆ ಹೊದ್ದು ಕೂರುತ್ತಾನೆ. ಬೇಕಾದರೆ ನಮ್ಮನ್ನು ಸುಟ್ಟು ತಿನ್ನಿ ಎಂದು ಸೌದೆ, ಕಲ್ಲು, ಎಲೆಯನ್ನೂ ತಾನೇ ತರುತ್ತಾನೆ. ಮನೆಯವರು ಕ್ಷಮಿಸಿದರೆ ಬಂದು ಚಾಪೆ ಎತ್ತುತ್ತಾರೆ. ಎತ್ತುವವರೆಗೆ ಅವನು ಏಳುವಂತಿಲ್ಲ.

“ಸೌದೆ ಚೆನ್ನಾಗಿ ಒಣಗಿದೆ,” ಎಂದರು ಅತ್ತೆ.

“ಫಿಲೆಮು, ಸುಮ್ಮನಿರು. ಇವರು ಯಾಕೆ ಬಂದಿದಾರೆ?”

“ನೀವು ಕೊಂದಿರಲ್ಲ, ಆ ಹುಡುಗನ್ನ.”

ಅಷ್ಟರಲ್ಲಿ ಸಾಕಾರಿಯಾ ಬಿಳಿ ಅಂಗಿ ತೊಟ್ಟು, ಕೋಲು ಹಿಡಿದು, ಸಭೆಗೆ ಹೊರಟವರಂತೆ ಬಂದರು. ಅವರ ಹಿಂದೆ ಊರು.

“ಅದು ಕಾದಂಬರಿ, ಸಾಕಾರಿಯಾ,” ಎಂದು ಮಾವ ಪಿಸುಗುಟ್ಟಿದರು. “ನಾನು ಕಟ್ಟಿದ್ದು. ಯಾರೂ ಸತ್ತಿಲ್ಲ.”

“ಯಾರೂ ಸತ್ತಿಲ್ವ?”

“ಇಲ್ಲ.”

“ಹಾಗಾದ್ರೆ ಆ ತಾಯಿ ಯಾಕೆ ಅತ್ತಳು? ನನ್ನ ಹೆಂಡತಿ ಆವತ್ತು ಅಡಿಗೆ ಸೀಯಿಸಿ, ಮತ್ತೆ ಒಲೆನೇ ಹಚ್ಚಲಿಲ್ಲ. ಎರಡು ದಿನ ತಣ್ಣಗಿನ ಗೆಡ್ಡೆ ತಿಂದಿದೀನಿ ನಾನು. ಯಾರೂ ಸತ್ತಿಲ್ಲ ಅಂತಾನೆ.”

“ನಾನು ಹೋಗಿ ಅವರಿಗೆ ಹೇಳಿಬಿಡ್ತೀನಿ.”

“ಏನಂತ? ‘ಆಸೋಲೆವಾ, ನಿನಗೆ ಎಂಬತ್ತು ವರ್ಷ, ಇಲ್ಲದ ಹೆಣಕ್ಕೆ ಇಡೀ ಊರಿನ ಮುಂದೆ ಮಂಡಿಯೂರಿದೀಯ, ಎದ್ದು ಮನೆಗೆ ಹೋಗು’ ಅಂತಲಾ?” ಸಾಕಾರಿಯಾ ಕೋಲೂರಿ ನಿಂತರು. “ಚಾಪೆ ಎತ್ತು. ಕ್ಷಮಿಸಿದೆ ಅನ್ನು.”

“ಕ್ಷಮಿಸಿದ್ರೆ ಕೊಲೆ ನಿಜ ಆಗಿಬಿಡುತ್ತಲ್ಲ.”

“ಅದನ್ನ ಬರೆಯೋ ಮುಂಚೆ ಯೋಚನೆ ಮಾಡಬೇಕಿತ್ತು.”

ಮಾವ ನನ್ನ ಕಡೆ ತಿರುಗಿದರು. “ಇಂಥದ್ದಾದಾಗ ಯೂನಿವರ್ಸಿಟಿಯಲ್ಲಿ ಏನು ಮಾಡ್ತಾರಮ್ಮ?”

“ಅದು ನಮ್ಮ ಪಾಠದಲ್ಲಿ ಇರಲಿಲ್ಲ ಮಾವ.”

ಬಿಸಿಲು ಏರುತ್ತಿತ್ತು. ಚಾಪೆ ಸೀನಿತು. ಮಾವ ಲುಂಗಿ ಬಿಗಿಮಾಡಿಕೊಂಡು ಅಂಗಳಕ್ಕಿಳಿದರು. ಚಾಪೆಯ ಅಂಚನ್ನು ಹಿಡಿದರು. ಎತ್ತಲಿಲ್ಲ. ಬಗ್ಗಿ, ತಾವೂ ಒಳಗೆ ನುಸುಳಿದರು.

ಇಂಥದ್ದನ್ನು ನಮ್ಮ ದ್ವೀಪ ಕಂಡಿರಲಿಲ್ಲ. ಒಂದು ಉಬ್ಬು ಇದ್ದ ಚಾಪೆಗೆ ಎರಡು ಉಬ್ಬು ಬಂದವು. ಹನ್ನೊಂದು ಜನ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಸಾಕಾರಿಯಾ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಚಾಪೆಯ ಒಂದು ಮೂಲೆ ಮೇಲೆದ್ದು ಮಾವನ ಕೈ ಹೊರಬಂತು.

“ಬಾಮ್ಮ, ನೀನೂ ಬಾ. ನನ್ನ ಮಾತು ಇವರು ನಂಬ್ತಿಲ್ಲ.”

ನಾನೂ ಹೋದೆ. ಒಳಗೆ ಬೆಚ್ಚಗಿತ್ತು. ಒಣಗಿದ ಕೇದಗೆ, ಟೂತ್‌ಪೇಸ್ಟ್ ವಾಸನೆ. ಆಸೋಲೆವಾ ಬಹಳ ಸಣ್ಣ ಆಕಾರದ ಮುದುಕರು.

“ನೀನೇನಾ ಟೈಪ್ ಮಾಡೋಳು? ಇವನು ಹೇಳ್ತಿದಾನೆ, ಆ ಹುಡುಗ ಸತ್ತಿಲ್ವಂತೆ. ಹಾಗಾದ್ರೆ ಬದುಕಿದಾನಾ ಅಂದೆ, ಇಲ್ಲ ಅಂತಾನೆ.”

“ಹುಟ್ಟೇ ಇಲ್ಲ ತಾತ. ಕಾದಂಬರಿಗೆ ಅಂತ ಕಟ್ಟಿದ್ದು.”

“ನಮ್ಮೋನು? ಹೊಡೆದೋನು?”

“ಅವನೂ ಕಟ್ಟಿದ್ದೇ.”

“ಎಡಗೈ?”

“ಎಡಗೈ ನನ್ನ ತಪ್ಪು,” ಎಂದೆ. “ವಿವರ ಬೇಕು ಅಂದಿದ್ದೆ.”

ಅವರು ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು.

“ಹನ್ನೊಂದು ಜನರನ್ನ ಕರ್ಕೊಂಡು ಬಂದಿದೀನಿ,” ಎಂದರು. “ಈಗ ಎದ್ದು ಹೋದ್ರೆ ಸವಾಯಿ ಪೂರ್ತಿ ನಗುತ್ತೆ. ನಾನು ಸತ್ತ ಮೇಲೆ ನನ್ನ ಮಕ್ಕಳನ್ನ ನೋಡಿ ನಗುತ್ತೆ.”

“ಹಾಗಾದ್ರೆ ನಾನು ಹೊರಗೆ ಹೇಳಲ್ಲ,” ಎಂದರು ಮಾವ. “ಸತ್ತ ಅಂತಲೇ ಇರಲಿ.”

“ಆಗ ನನ್ನ ಮಕ್ಕಳು ಕೊಲೆಗಾರನ ವಂಶ ಆಗ್ತಾರೆ. ಮಾಡದೇ ಇರೋ ಕೊಲೆಗೆ. ನಿನ್ನ ಜೊತೆ ಮಾತಾಡೋದೇ ಕಷ್ಟ ಕಣಯ್ಯ.”

“ನೀವು ಯಾಕೆ ನಂಬಿದ್ರಿ ತಾತ?” ಎಂದು ಕೇಳಿದೆ.

“ಆ ತಾಯಿ ಅಳೋದಿದೆಯಲ್ಲ. ನಮ್ಮೂರಲ್ಲಿ ಡ್ರೈವರ್ ಅದನ್ನ ಹೇಳ್ತಾ ಹೇಳ್ತಾ ಬಸ್ ನಿಲ್ಲಿಸಿ ಕೆಳಗಿಳಿದು ನಿಂತುಬಿಟ್ಟ. ಅಂಥದ್ದನ್ನ ಯಾರೂ ಕಟ್ಟಿ ಹೇಳಕ್ಕಾಗಲ್ಲ ಅಂದ್ಕೊಂಡೆ.”

ಮಾವ ತಲೆ ತಗ್ಗಿಸಿದರು. ಮುದುಕರು ಮಾವನನ್ನು ನೋಡಿದರು, ಆಮೇಲೆ ನನ್ನನ್ನು. ಹೊರಗೆ ಯಾರದೋ ಕೋಳಿ ಚಾಪೆಯ ಅಂಚನ್ನು ಕುಕ್ಕಿ ಹೋಯಿತು.

“ಚಾಪೆ ಎತ್ತು, ಪೆಲೆನಾಟೊ,” ಎಂದರು ಕೊನೆಗೆ. “ಮಿಕ್ಕಿದ್ದು ನನಗೆ ಬಿಡು. ಮಂಡಿ ಹೋಯ್ತು.”

ಮಾವ ಎತ್ತಿದರು. ನಾವಿಬ್ಬರೂ ಆಚೀಚೆ ಹಿಡಿದು ಆಸೋಲೆವಾ ಅವರನ್ನು ನಿಲ್ಲಿಸಿದೆವು. ಅವರು ಊರನ್ನೆಲ್ಲ ಒಮ್ಮೆ ನೋಡಿ ಮಾತು ಶುರುಮಾಡಿದರು. ಸಣ್ಣ ದೇಹ, ದೊಡ್ಡ ದನಿ.

“ವೈಮೋಲಿಯವರೇ, ಪೆಲೆನಾಟೊ ಚಾಪೆಯ ಒಳಗೆ ನನಗೆ ನಿಜ ಹೇಳಿದ. ಆ ಹುಡುಗ ಕಟ್ಟುಕತೆ. ಅವನನ್ನ ಹೊಡೆದೋನೂ ಕಟ್ಟುಕತೆ.”

ಹಿಂದೆ ಕೂತ ಹನ್ನೊಂದು ಮುಖಗಳು ಕೆಂಪಾದವು. ಊರಿನಲ್ಲಿ ಗುಸುಗುಸು ಎದ್ದಿತು. ಅದು ಅಡಗಲೆಂದು ಆಸೋಲೆವಾ ಕಾದರು.

“ಹೋದ ವರ್ಷ ಈ ಮನೆಯಲ್ಲಿ ಒಂದು ಸಾವಾಯ್ತು. ಅದು ಕಟ್ಟುಕತೆ ಅಲ್ಲ. ಸಾವಿನ ಮನೆಗೆ ಇಂಥ ಚಾಪೆ ತರೋದು ಪದ್ಧತಿ, ಆಗ ನಾವು ತರಲಿಲ್ಲ. ರಸ್ತೆ ಮೇಲೆ ನೀರು ಬಂದಿದೆ, ಬರಕ್ಕಾಗಲ್ಲ ಅಂತ ಹೇಳಿಕಳಿಸಿದ್ವಿ. ರಸ್ತೆ ಮೇಲೆ ನೀರಿರಲಿಲ್ಲ. ಒಂಬತ್ತು ವರ್ಷದ ಹಿಂದಿನ ಕ್ರಿಕೆಟ್ ಇತ್ತು.” ಅವರು ಉಸಿರೆಳೆದುಕೊಂಡರು. “ನಮ್ಮ ಮನೆತನ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಲ್ಲ. ಮದುವೆಗೆ ಹೋದ್ರೆ ಮಗು ಹುಟ್ಟಿರುತ್ತೆ. ಇವತ್ತು ಮೊದಲನೇ ಸಲ, ಸಾಯಬೇಕಾದೋನು ಹುಟ್ಟೋ ಮುಂಚೆನೇ ಬಂದು ಕೂತಿದೀವಿ. ನಗೋರಿದ್ರೆ ಈಗಲೇ ನಕ್ಕುಬಿಡಿ. ನಾನೂ ನಗ್ತೀನಿ.”

ಮೊದಲು ನಕ್ಕದ್ದು ಫಿಲೆಮು ಅತ್ತೆ. ಪೊರಕೆಯನ್ನು ಎದೆಗಾನಿಸಿಕೊಂಡು, ಭುಜ ಕುಲುಕಿಸಿ, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅವರ ನಗೆ ಹೇಗಿರುತ್ತದೆಂದು ಊರು ಮರೆತಿತ್ತು. ಆಮೇಲೆ ಸಲೋಮೆ, ಆಮೇಲೆ ಹನ್ನೊಂದು ಎಡಚರು, ಆಮೇಲೆ ಎಲ್ಲರೂ. ಸಾಕಾರಿಯಾ ಸ್ಥಾನಕ್ಕೆ ತಕ್ಕಂತೆ ಕೊನೆಯಲ್ಲಿ ನಕ್ಕರು, ಎಲ್ಲರಿಗಿಂತ ಹೆಚ್ಚು ಹೊತ್ತು.

ಆಸೋಲೆವಾ ಚಾಪೆಯನ್ನು ಮಡಚಿ ಅತ್ತೆಯ ಕೈಗಿತ್ತರು. ಅತ್ತೆ ಅದನ್ನು ತಂದು ನನ್ನ ಮಡಿಲಲ್ಲಿಟ್ಟು, ಒಲೆಯ ಕಡೆ ಹೋಗುತ್ತ ಹನ್ನೊಂದು ಜನರಿಗೂ ಕೇಳುವಂತೆ ಅಂದರು: “ಆ ಸೌದೆ ಕಲ್ಲು ಇತ್ತ ಕೊಡಿ. ಹೆದರಬೇಡಿ, ಹಂದಿನ ಸುಡೋದು.”

ಬಿಸಿಗಲ್ಲಿನ ಮೇಲೆ ಎರಡು ಹಂದಿ, ಲೆಕ್ಕವಿಲ್ಲದಷ್ಟು ದೀವಿಹಲಸು ಬೆಂದವು. ಊಟವಾದ ಮೇಲೆ ಆಸೋಲೆವಾ ಕಂಬಕ್ಕೆ ಒರಗಿ, ಅಧ್ಯಾಯವನ್ನು ತಾವು ಸರಿಯಾಗಿ ಕೇಳಿಯೇ ಇಲ್ಲ ಎಂದರು. ನಾನು ಓದಿದೆ. ನಾಲ್ಕು ಪುಟ ಮುಗಿಯುವವರೆಗೆ ಯಾರೂ ಕೆಮ್ಮಲಿಲ್ಲ.

“ಪೆಲೆನಾಟೊ,” ಎಂದರು ಆಸೋಲೆವಾ, “ಹೇಗೂ ನೀನೇ ಕಟ್ಟಿದ್ದು. ಅವನನ್ನ ಎಬ್ಬಿಸಕ್ಕಾಗಲ್ವ?”

ಮಾವ ನನ್ನ ಕಡೆ ನೋಡಿದರು. “ಸಂಘರ್ಷ ಬೇಕು ಅಂದಿದ್ದಳು.”

“ಅಷ್ಟು ಸಂಘರ್ಷ ಸಾಕು,” ಎಂದರು ಅತ್ತೆ.

“ಯೂನಿವರ್ಸಿಟಿಯಲ್ಲಿ ಒಪ್ತಾರಾ?”

“ಒಪ್ತಾರೆ ಮಾವ,” ಎಂದೆ. ಒಪ್ಪುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಅಮ್ಮ ಅಳೋದನ್ನ ಮಾತ್ರ ತೆಗೀಬೇಡಿ ಅಣ್ಣ,” ಎಂದಳು ಸಲೋಮೆ ಮರದ ಕೆಳಗಿಂದ. “ಅದು ನಮಗೆ ಬೇಕು.”

ಅದನ್ನು ತೆಗೆಯಲಿಲ್ಲ. ಫಾಗಾಸೆಗಾದ ಎಡಚನನ್ನು ತೆಗೆದು ತೆಂಗಿನಕಾಯಿಯೊಂದನ್ನು ಬೀಳಿಸಿದೆವು. ಅದು ಯಾರ ಮರದ್ದು ಎಂದು ಕೇಳಲು ಸಾಕಾರಿಯಾ ಬಾಯಿ ತೆರೆದದ್ದು ನಿಜ, ಆದರೆ ಎರಡೂ ಊರಿನವರು ಒಟ್ಟಿಗೆ ಅವರನ್ನು ನೋಡಿದ್ದರಿಂದ ಮುಚ್ಚಿಕೊಂಡರು. ನಾನು ಹೊಸ ಹಾಳೆ ಏರಿಸಿದೆ. ಮಾವ ಈ ಸಲ ನನಗೆ ಎದುರಾಗಿ ಕೂತರು.

ತಾಯಿ ನಾಲ್ಕು ಪುಟ ಅತ್ತಳು. ನಾಲ್ಕನೆಯ ಪುಟದ ಕೊನೆಯಲ್ಲಿ, ಅವಳ ಮಡಿಲಲ್ಲಿದ್ದ ತುಯಿಲಾ ಕಣ್ಣು ಬಿಟ್ಟ. ಎದ್ದು ಕೂತ. ಇಷ್ಟು ಜನ ಯಾಕೆ ಸೇರಿದ್ದಾರೆ ಎಂದು ಸುತ್ತ ನೋಡಿದ. ಅಮ್ಮ, ತಿನ್ನಕ್ಕೆ ಏನಿದೆ ಎಂದು ಕೇಳಿದ.

ಮಾವ ನಿಧಾನವಾಗಿ ಹೇಳಿದರು. ನಾನು ಟೈಪ್ ಮಾಡಿದೆ. ಆ ಪುಟದಲ್ಲಿ ತಿದ್ದುವಂಥದ್ದು ಒಂದೂ ಇರಲಿಲ್ಲ.